ಐದು ಊರು, ಒಂದೇ ರೈಲು ದಾರಿ



ಯುರೋಪಿಗೆ ಮೊದಲ ಸಲ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಹದಿನೈದು ದಿನ ರಜೆ ಇದೆ, ಎಷ್ಟು ದೇಶ ನೋಡಬಹುದು? ಪ್ರವಾಸದ ಜಾಹೀರಾತುಗಳಲ್ಲಿ ಇದಕ್ಕೆ ಎಂಟು, ಹತ್ತು ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ಉತ್ತರ ಬೇರೆ. ದೇಶಗಳನ್ನು ಎಣಿಸುವುದನ್ನು ಬಿಟ್ಟು ಊರುಗಳನ್ನು ಆರಿಸಿಕೊಳ್ಳಿ. ಐದು ಊರು ಸಾಕು. ಅವು ಒಂದೇ ರೈಲು ದಾರಿಯಲ್ಲಿ ಸಾಲಾಗಿರಲಿ.

ಯಾಕೆಂದರೆ ಊರು ಬದಲಾಯಿಸಿದ ಪ್ರತಿ ಸಲವೂ ಅರ್ಧ ದಿನ ಹೋಗುತ್ತದೆ. ಸಾಮಾನು ಕಟ್ಟಬೇಕು, ಕೋಣೆ ಬಿಡಬೇಕು, ನಿಲ್ದಾಣಕ್ಕೆ ಓಡಬೇಕು, ಹೊಸ ಊರಿನಲ್ಲಿ ಮತ್ತೆ ದಾರಿ ಹುಡುಕಬೇಕು. ಹತ್ತು ಊರೆಂದರೆ ಐದು ದಿನ ಸಾಮಾನು ಸಾಗಿಸುವುದರಲ್ಲೇ ಕಳೆಯಿತು. ಇನ್ನೊಂದು ಕಾರಣವೂ ಇದೆ. ಯುರೋಪಿನ ಹಳೆಯ ಊರುಗಳ ನಡುಭಾಗವನ್ನು ಕಟ್ಟಿದ್ದು ಮೋಟಾರು ಬರುವುದಕ್ಕೆ ನೂರಾರು ವರ್ಷ ಮೊದಲು, ನಡೆದು ಹೋಗುವವರಿಗಾಗಿ. ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ನೋಡಿದಂತಾಗುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಮೊದಲು, ಸಂಜೆ ಗುಂಪುಗಳೆಲ್ಲ ಹಿಂತಿರುಗಿದ ಮೇಲೆ, ಆ ಬೀದಿಗಳು ಊರಿನವರ ಕೈಗೆ ವಾಪಸು ಬರುತ್ತವೆ. ರೊಟ್ಟಿ ಕೊಳ್ಳುವವರು, ನಾಯಿ ಹಿಡಿದು ಹೊರಟವರು, ಶಾಲೆಗೆ ಓಡುವ ಮಕ್ಕಳು ಆಗ ಕಾಣುತ್ತಾರೆ. ಆ ಹೊತ್ತು ನಿಮಗೂ ದಕ್ಕಬೇಕಾದರೆ ಆ ಊರಿನಲ್ಲೇ ತಂಗಿರಬೇಕು.

ಮೊದಲ ಪ್ರಯಾಣಕ್ಕೆ ನಾನು ಹೇಳುವ ದಾರಿ ಇದು. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒಂದು, ಲುಸರ್ನ್‌ನಲ್ಲಿ ಮೂರು, ಇಟಲಿಯ ಫ್ಲಾರೆನ್ಸ್‌ನಲ್ಲಿ ಮೂರು, ರೋಮ್‌ನಲ್ಲಿ ನಾಲ್ಕು. ಒಟ್ಟು 15 ರಾತ್ರಿ, ಮೂರು ದೇಶ. ಪ್ಯಾರಿಸ್‌ನಿಂದ ಬಾಸೆಲ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಲುಸರ್ನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಲುಸರ್ನ್‌ನಿಂದ ಮಿಲಾನ್‌ಗೆ ಮೂರೂವರೆ ಗಂಟೆ, ಮಿಲಾನ್‌ನಿಂದ ಫ್ಲಾರೆನ್ಸ್‌ಗೆ ಎರಡು ಗಂಟೆ, ಫ್ಲಾರೆನ್ಸ್‌ನಿಂದ ರೋಮ್‌ಗೆ ಒಂದೂವರೆ ಗಂಟೆ. ಎಲ್ಲಿಯೂ ಹಿಂದಕ್ಕೆ ಬರುವ ಪ್ರಶ್ನೆಯಿಲ್ಲ. ಆದ್ದರಿಂದ ವಿಮಾನದ ಟಿಕೆಟ್ಟನ್ನು ಹೋಗುವಾಗ ಪ್ಯಾರಿಸ್‌ಗೆ, ಬರುವಾಗ ರೋಮ್‌ನಿಂದ ಎಂದು ಒಂದೇ ಟಿಕೆಟ್ಟಾಗಿ ತೆಗೆದುಕೊಳ್ಳಿ. ಇದಕ್ಕೆ ಮಲ್ಟಿ ಸಿಟಿ ಟಿಕೆಟ್ ಎನ್ನುತ್ತಾರೆ. ಹೋಗಿಬರುವ ಟಿಕೆಟ್ಟಿಗೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಎಷ್ಟೋ ಸಲ ಅಲ್ಪವೇ ಇರುತ್ತದೆ. ಆದರೆ ಪ್ಯಾರಿಸ್‌ಗೆ ಮರಳಿ ಹೋಗುವ ಒಂದು ದಿನ ಉಳಿಯುತ್ತದೆ.

ಯಾವಾಗ ಹೋಗಬೇಕು? ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ನಮ್ಮ ಶಾಲೆಗಳ ಬೇಸಿಗೆ ರಜೆ ಬರುವ ಏಪ್ರಿಲ್-ಮೇ, ದಸರಾ ರಜೆ ಬರುವ ಅಕ್ಟೋಬರ್, ಎರಡೂ ಯುರೋಪಿನಲ್ಲಿ ಹಿತವಾದ ಕಾಲ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿನವರಿಗೇ ರಜೆ; ಎಲ್ಲೆಲ್ಲೂ ಜನ, ಕೋಣೆಗಳೆಲ್ಲ ದುಬಾರಿ, ರೋಮ್‌ನಲ್ಲಿ ಬೆವರು ಸುರಿಯುವ ಸೆಕೆ. ಚಳಿಗಾಲದಲ್ಲಿ ಪ್ಯಾರಿಸ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಮೇ ಕೊನೆಯಲ್ಲಿಯಾದರೆ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಒಂದು ಎಚ್ಚರಿಕೆ: ಏಪ್ರಿಲ್ ಮತ್ತು ನವೆಂಬರ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಕೇಬಲ್ ಕಾರುಗಳನ್ನು ದುರಸ್ತಿಗೆಂದು ನಿಲ್ಲಿಸಿರುತ್ತಾರೆ. ಹೊರಡುವ ಮುನ್ನ ವಿಚಾರಿಸಿ.

ಇನ್ನು ವೀಸಾ. 1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಸಣ್ಣ ಹಳ್ಳಿಯಲ್ಲಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನ ಮೇಲೆ, ಐದು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ನಡುವಿನ ಗಡಿಯಲ್ಲಿ ತಪಾಸಣೆ ಬೇಡ ಎಂಬುದು ಆ ಒಪ್ಪಂದ. ಈಗ ಅದರೊಳಗೆ 29 ದೇಶಗಳಿವೆ. ಒಂದು ವೀಸಾ ಸಿಕ್ಕರೆ ಇಷ್ಟೂ ದೇಶಗಳಲ್ಲಿ ಓಡಾಡಬಹುದು, ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರದಂತೆ. ಅರ್ಜಿ ಯಾವ ದೇಶಕ್ಕೆ ಹಾಕಬೇಕು ಎಂಬಲ್ಲಿ ಬಹಳ ಜನ ತಡವರಿಸುತ್ತಾರೆ. ನಿಯಮ ಸ್ಪಷ್ಟವಾಗಿದೆ: ಹೆಚ್ಚು ರಾತ್ರಿ ಉಳಿಯುವ ದೇಶಕ್ಕೆ. ಎರಡು ದೇಶಗಳಲ್ಲಿ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾನು ಹೇಳಿದ ದಾರಿಯಲ್ಲಿ ಇಟಲಿಯಲ್ಲಿ ಏಳು ರಾತ್ರಿ, ಫ್ರಾನ್ಸ್‌ನಲ್ಲಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ತಲಾ ನಾಲ್ಕು. ಹಾಗಾಗಿ ಇಳಿಯುವುದು ಪ್ಯಾರಿಸ್‌ನಲ್ಲಾದರೂ ಅರ್ಜಿ ಇಟಲಿಗೆ.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗದು. ಎರಡು-ಮೂರು ತಿಂಗಳು ಮೊದಲೇ ಹಾಕುವುದು ಕ್ಷೇಮ. ವಯಸ್ಕರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಶುಲ್ಕವಿಲ್ಲ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟು ನೀವು ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಇಳಿದ ದಿನ ಅದಕ್ಕೆ ಸಮಯ ಹಿಡಿಯುತ್ತದೆ. ಆ ದಿನ ಮುಂದಿನ ರೈಲನ್ನಾಗಲಿ, ಹೊತ್ತು ಗೊತ್ತುಮಾಡಿದ ಟಿಕೆಟ್ಟನ್ನಾಗಲಿ ಇಟ್ಟುಕೊಳ್ಳಬೇಡಿ.

ವೀಸಾ ಬಂದ ಕೂಡಲೇ ಮಾಡಬೇಕಾದ ಕೆಲಸ ಪ್ರವೇಶದ ಟಿಕೆಟ್ಟುಗಳದು. ಎಷ್ಟೋ ಮುಖ್ಯ ಜಾಗಗಳಿಗೆ ಈಗ ದಿನ, ಗಂಟೆ ಗೊತ್ತುಮಾಡಿದ ಟಿಕೆಟ್ ಬೇಕು. ಐಫೆಲ್ ಗೋಪುರದ ಟಿಕೆಟ್ ಸುಮಾರು ಎರಡು ತಿಂಗಳು ಮೊದಲು ಮಾರಾಟಕ್ಕೆ ಬರುತ್ತದೆ, ರೋಮ್‌ನ ಕೊಲೊಸಿಯಮ್ಮಿನದು ಸುಮಾರು ಒಂದು ತಿಂಗಳು ಮೊದಲು. ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಮಧ್ಯವರ್ತಿಗಳು ಎರಡು ಮೂರು ಪಟ್ಟು ಬೆಲೆ ಹೇಳುತ್ತಾರೆ. ವಾರದ ರಜೆಯ ದಿನಗಳನ್ನೂ ಬರೆದಿಟ್ಟುಕೊಳ್ಳಿ. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಓರ್ಸೇ ಸಂಗ್ರಹಾಲಯ ಸೋಮವಾರ. ಫ್ಲಾರೆನ್ಸ್‌ನ ಉಫಿತ್ಸಿ ಮತ್ತು ಅಕಾದೆಮಿಯಾ ಸಂಗ್ರಹಾಲಯಗಳೆರಡಕ್ಕೂ ಸೋಮವಾರ ರಜೆ. ವ್ಯಾಟಿಕನ್ ಸಂಗ್ರಹಾಲಯ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರಗಳಲ್ಲಿ ಇಲ್ಲ. ಯಾವ ಊರಿಗೆ ಯಾವ ವಾರ ಇಳಿಯಬೇಕು ಎಂಬುದನ್ನು ಈ ಪಟ್ಟಿ ನೋಡಿಯೇ ತೀರ್ಮಾನಿಸಿ.

ಪ್ಯಾರಿಸ್‌ನಲ್ಲಿ ದಿನಕ್ಕೊಂದು ದೊಡ್ಡ ಜಾಗ, ಉಳಿದ ಹೊತ್ತು ಸೇನ್ ನದಿಯ ದಂಡೆ, ಇಷ್ಟೇ ಲೆಕ್ಕ. ಲೂವ್ರ್‌ಗೆ ಬುಧವಾರ ಅಥವಾ ಶುಕ್ರವಾರ ಸಂಜೆ ಹೋಗಿ. ಆ ದಿನ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಎಲ್ಲರೂ ಮೊನಾಲಿಸಾ ಇರುವ ಕಡೆಗೆ ನುಗ್ಗುತ್ತಾರೆ. ನೀವೂ ನೋಡಿ, ಆದರೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಶಾಸನದ ಕಲ್ಲಿಗೂ ಅರ್ಧ ಗಂಟೆ ಕೊಡಿ. ಆಳೆತ್ತರ ಮೀರಿದ ಕರಿಕಲ್ಲು, ಮೈತುಂಬ ಬೆಣೆಲಿಪಿ, ತಲೆಯ ಮೇಲೆ ದೇವರ ಎದುರು ನಿಂತ ರಾಜ. ಊರೂರಿನಲ್ಲಿ ಶಾಸನಗಳನ್ನು ಕಂಡಿರುವ ನಮಗೆ ಆ ಕಲ್ಲಿನ ಮುಂದೆ ನಿಂತಾಗ ಪರಿಚಯದ ಭಾವ ಬರುತ್ತದೆ. ಓರ್ಸೇ ಸಂಗ್ರಹಾಲಯ 1900ರ ವಿಶ್ವ ಪ್ರದರ್ಶನದ ಕಾಲದಲ್ಲಿ ಕಟ್ಟಿದ ರೈಲು ನಿಲ್ದಾಣ. 1986ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಮೊನೆ, ರೆನ್ವಾ, ವ್ಯಾನ್ ಗೋ ಎಲ್ಲ ಅಲ್ಲಿದ್ದಾರೆ. 2019ರ ಏಪ್ರಿಲ್ 15ರಂದು ಬೆಂಕಿಗೆ ಸಿಕ್ಕಿದ್ದ ನೋತ್ರ್‌ದಾಮ್ ಚರ್ಚು 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ, ಒಳಗೆ ಹೋಗಲು ಹಣವಿಲ್ಲ. ಅದರ ಹತ್ತಿರವೇ ಸಾಂತ್‌ಶಾಪೆಲ್ ಎಂಬ ಚಿಕ್ಕ ಪ್ರಾರ್ಥನಾ ಮಂದಿರವಿದೆ. 1248ರಲ್ಲಿ ಪ್ರತಿಷ್ಠಾಪನೆಯಾದದ್ದು. ಮೇಲಂತಸ್ತಿನಲ್ಲಿ ಗೋಡೆಯೇ ಇಲ್ಲವೇನೋ ಎನ್ನುವಂತೆ ಸುತ್ತಲೂ 15 ಎತ್ತರದ ಬಣ್ಣದ ಗಾಜಿನ ಕಿಟಕಿಗಳು. ಬಿಸಿಲಿರುವ ಹೊತ್ತಿನಲ್ಲಿ ಹೋಗಿ.

ಪ್ಯಾರಿಸ್‌ನ ಮೆಟ್ರೋದಲ್ಲಿ ಟಿಕೆಟ್ಟನ್ನು ಹೊರಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ; ತಪಾಸಣೆಯವರು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅಂಗಡಿಗೆ ಹೋದರೆ ಮೊದಲು ‘ಬೋಂಜೂರ್’ ಎಂದು ವಂದಿಸಿ, ಆಮೇಲೆ ಬೇಕಾದ್ದು ಕೇಳಿ. ಆ ಊರಿನಲ್ಲಿ ಇದು ಕನಿಷ್ಠ ಮರ್ಯಾದೆ. ವಂದಿಸಿದವರಿಗೂ ವಂದಿಸದವರಿಗೂ ಸಿಗುವ ಮುಖಭಾವ ಬೇರೆಬೇರೆ.

ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವ ರೈಲು ಗಾರ್ ದ ಲಿಯೋ ನಿಲ್ದಾಣದಿಂದ ಹೊರಟು ಬಾಸೆಲ್‌ನಲ್ಲಿ ನಿಲ್ಲುತ್ತದೆ. ಹೆಚ್ಚಿನ ಪ್ರವಾಸಿಗಳು ಅಲ್ಲಿ ಇಳಿಯುವುದಿಲ್ಲ. ಕನ್ನಡಿಗರು ಇಳಿಯಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೊರಟದ್ದು ಈ ಊರಿನಿಂದ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್, ಇಬ್ಬರನ್ನೂ ನಮ್ಮಲ್ಲಿಗೆ ಕಳಿಸಿದ್ದು ಇದೇ ಮಿಷನ್. ಕರಾವಳಿಯ ಮನೆಗಳ ಮೇಲಿನ ಮಂಗಳೂರು ಹೆಂಚಿಗೂ ಈ ಊರಿನ ನಂಟಿದೆ. ಹಳೆಯ ಊರಬಾಗಿಲಾದ ಸ್ಪಾಲೆನ್‌ಟೋರ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಮಿಷನ್ ಹೆಸರಿನದೇ ಬೀದಿಯಲ್ಲಿ, ಮಿಷನ್ನಿನ ಮನೆ ಈಗಲೂ ಇದೆ. ಅದರ ಹಳೆಯ ಕಾಗದಪತ್ರ, ಛಾಯಾಚಿತ್ರಗಳ ಸಂಗ್ರಹವೂ ಬಾಸೆಲ್‌ನಲ್ಲೇ ಇದೆ. ಕಿಟೆಲ್ 1850ರ ಸುಮಾರಿಗೆ ಕಲಿಯಲು ಬಂದದ್ದು ಈ ಮಿಷನ್ನಿಗೆ. ಕನ್ನಡ ಪದಗಳಿಗಾಗಿ ಆಯುಷ್ಯ ಸವೆಸಿದವನ ದಾರಿ ಇಲ್ಲಿಂದ ಶುರುವಾಯಿತು ಎಂದು ತಿಳಿದು ಆ ಬೀದಿಯಲ್ಲಿ ನಡೆಯುವುದೇ ಬೇರೆ ಅನುಭವ.

ಅದೇ ಸಂಜೆ ರೈನ್ ನದಿ ದಾಟಲು ಸೇತುವೆ ಬಿಟ್ಟು ದೋಣಿ ಹತ್ತಿ. ಬಾಸೆಲ್‌ನಲ್ಲಿ ಇಂಥ ನಾಲ್ಕು ದೋಣಿಗಳಿವೆ, ಒಂದಕ್ಕೂ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಯ ಮೇಲೆ ದಡದಿಂದ ದಡಕ್ಕೆ ಉಕ್ಕಿನ ಹಗ್ಗ ಬಿಗಿದಿರುತ್ತಾರೆ. ದೋಣಿಯನ್ನು ಇನ್ನೊಂದು ಹಗ್ಗದಿಂದ ಅದಕ್ಕೆ ಕಟ್ಟಿರುತ್ತಾರೆ. ಅಂಬಿಗ ದೋಣಿಯನ್ನು ಪ್ರವಾಹಕ್ಕೆ ಒಂದಿಷ್ಟು ಓರೆಯಾಗಿ ತಿರುಗಿಸುತ್ತಾನೆ, ನೀರಿನ ರಭಸವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಮರಳುವಾಗ ಓರೆ ಇನ್ನೊಂದು ಕಡೆಗೆ. ಮರದ ಹಲಗೆಯ ಮೇಲೆ ಕೂತರೆ ತಳದಲ್ಲಿ ನೀರು ಸರಿಯುವ ಸದ್ದು, ಮೇಲೆ ಗಾಲಿ ಹಗ್ಗದ ಮೇಲೆ ಉರುಳುವ ಸದ್ದು, ಇವೆರಡೇ. ಕೆಲವೇ ನಿಮಿಷದ ಪ್ರಯಾಣ. ಮಕ್ಕಳು ಮತ್ತೊಮ್ಮೆ ಹೋಗೋಣ ಎಂದು ಹಟ ಹಿಡಿಯುತ್ತಾರೆ. ಬಾಸೆಲ್‌ನ ಹೋಟೆಲಿನಲ್ಲಿ ತಂಗುವವರಿಗೆ ಊರಿನ ಟ್ರಾಮ್-ಬಸ್ಸುಗಳಲ್ಲಿ ಪುಕ್ಕಟೆ ಓಡಾಡುವ ಕಾರ್ಡು ಕೊಡುತ್ತಾರೆ. ಕೋಣೆ ಹಿಡಿಯುವಾಗ ಕೇಳಿ ಪಡೆಯಿರಿ.

ಲುಸರ್ನ್ ಸರೋವರದ ತುದಿಯ ಊರು. ರೋಯ್ಸ್ ನದಿಗೆ ಅಡ್ಡಲಾಗಿ 14ನೇ ಶತಮಾನದ ಮರದ ಸೇತುವೆ, ಅದರ ಮಾಡಿನ ಕೆಳಗೆ ತ್ರಿಕೋನದ ಹಲಗೆಗಳ ಮೇಲೆ ಹಳೆಯ ಚಿತ್ರಗಳು. 1993ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಉಳಿದವನ್ನು ತಲೆಯೆತ್ತಿ ನೋಡುತ್ತ ದಾಟಬೇಕು. ಇಲ್ಲಿಂದ ಯಾವ ಬೆಟ್ಟಕ್ಕೆ ಹೋಗುವುದು? ಎಲ್ಲರೂ 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್ ಹೆಸರು ಹೇಳುತ್ತಾರೆ. ಅದು ಅದ್ಭುತವೇ, 1912ರಲ್ಲೇ ಅಲ್ಲಿಗೆ ರೈಲು ಮುಟ್ಟಿದೆ. ಆದರೆ ಬಹಳ ದುಬಾರಿ, ಲುಸರ್ನ್‌ನಿಂದ ದೂರ, ಮೋಡ ಕವಿದರೆ ಏನೂ ಕಾಣದು. ಮೊದಲ ಸಲಕ್ಕೆ, ಅದರಲ್ಲೂ ಹಿರಿಯರು ಜೊತೆಗಿದ್ದರೆ, ನಾನು ರಿಗಿ ಬೆಟ್ಟವನ್ನೇ ಹೇಳುತ್ತೇನೆ. ಲುಸರ್ನ್‌ನಿಂದ ಸರೋವರದ ಮೇಲೆ ಒಂದು ಗಂಟೆ ಹಡಗು, ವಿಟ್ಸ್‌ನೌ ಹಳ್ಳಿಯಿಂದ ಹಲ್ಲುಕಂಬಿಯ ರೈಲು. 1871ರಲ್ಲಿ ಶುರುವಾದ ಇದು ಯುರೋಪಿನ ಮೊದಲ ಹಲ್ಲುಕಂಬಿ ಬೆಟ್ಟದ ರೈಲು. ತುದಿ 1,800 ಮೀಟರಿಗೆ ಒಂದೆರಡು ಮೀಟರ್ ಕಡಿಮೆ, ನಮ್ಮ ಮುಳ್ಳಯ್ಯನಗಿರಿಗಿಂತಲೂ ತಗ್ಗು, ಉಸಿರಿಗೆ ಕಷ್ಟವಿಲ್ಲ. ಕಣ್ಣೆದುರು ಹಿಮದ ಆಲ್ಪ್ಸ್ ಸಾಲು, ಕಾಲಡಿಯಲ್ಲಿ ಸರೋವರಗಳು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಹಡಗು, ರಿಗಿ ರೈಲು ಎಲ್ಲ ಅದರಲ್ಲೇ ಸೇರುತ್ತವೆ, ಯುಂಗ್‌ಫ್ರೌಯೋಕ್‌ಗೆ ಹಾಗಿಲ್ಲ. ಯಾವ ಬೆಟ್ಟವೇ ಆಗಲಿ, ಆ ಬೆಳಿಗ್ಗೆ ತುದಿಯ ನೇರ ಕ್ಯಾಮೆರಾ ಚಿತ್ರವನ್ನು ಫೋನಿನಲ್ಲಿ ನೋಡಿ, ಆಮೇಲೆ ಹೊರಡಿ. ಮೂರು ರಾತ್ರಿ ಉಳಿದವರಿಗೆ ಈ ಸ್ವಾತಂತ್ರ್ಯವಿದೆ: ಇವತ್ತು ಮೋಡವಾದರೆ ನಾಳೆ ಹೋಗಬಹುದು.

ಲುಸರ್ನ್‌ನಿಂದ ಇಟಲಿಗೆ ಎರಡು ದಾರಿ. ಒಂದು, 2016ರಲ್ಲಿ ತೆರೆದ ಗೋಥಾರ್ಡ್ ತಳಸುರಂಗ. 57 ಕಿಲೋಮೀಟರ್, ಜಗತ್ತಿನ ಅತಿ ಉದ್ದದ ರೈಲು ಸುರಂಗ. ಸುಮಾರು ಇಪ್ಪತ್ತು ನಿಮಿಷ ಕತ್ತಲು, ಆಚೆ ಬಂದರೆ ಇಟಾಲಿಯನ್ ಮಾತಾಡುವ ಸೀಮೆ. ಇನ್ನೊಂದು, 1882ರ ಹಳೆಯ ಬೆಟ್ಟದ ದಾರಿ. ಅಲ್ಲಿ ರೈಲು ಸುತ್ತಿ ಸುತ್ತಿ ಏರುವಾಗ ವಾಸೆನ್ ಹಳ್ಳಿಯ ಒಂದೇ ಚರ್ಚು ಮೂರು ಬೇರೆ ಬೇರೆ ಮಟ್ಟದಲ್ಲಿ ಕಾಣುತ್ತದೆ: ಮೊದಲು ತಲೆಯ ಮೇಲೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಕಾಲ ಕೆಳಗೆ. ಸಮಯವಿದ್ದರೆ ಹಳೆಯ ದಾರಿ ಹಿಡಿದು ಬೆಲಿಂಜೋನಾದಲ್ಲಿ ರೈಲು ಬದಲಾಯಿಸಿ.

ಮಿಲಾನ್‌ನಲ್ಲಿ ತಂಗಬೇಕಿಲ್ಲ. ಸಾಮಾನನ್ನು ನಿಲ್ದಾಣದಲ್ಲಿಟ್ಟು ಲಿಯೊನಾರ್ಡೊನ ‘ಕೊನೆಯ ಭೋಜನ’ ಗೋಡೆಚಿತ್ರ ನೋಡಿ ಮುಂದಿನ ರೈಲು ಹಿಡಿಯಬಹುದು. ಆದರೆ ಟಿಕೆಟ್ ತಿಂಗಳುಗಳ ಮೊದಲೇ ಮುಗಿಯುತ್ತದೆ. ಸಣ್ಣ ಗುಂಪಿಗೆ ಹದಿನೈದು ನಿಮಿಷ ಮಾತ್ರ ಅವಕಾಶ. ಒಣಗೋಡೆಯ ಮೇಲೆ ಬರೆದದ್ದರಿಂದ ಬಣ್ಣ ಬೇಗ ಉದುರಿತು. 1943ರ ಬಾಂಬು ದಾಳಿಯಲ್ಲಿ ಚಿತ್ರವಿರುವ ಕೋಣೆಯ ಮಾಡು, ಪಕ್ಕದ ಗೋಡೆ ಕುಸಿದರೂ ಮರಳಿನ ಚೀಲಗಳ ಆಸರೆಯಲ್ಲಿ ಚಿತ್ರದ ಗೋಡೆ ನಿಂತಿತು.

ಫ್ಲಾರೆನ್ಸ್ ಅಂಗೈಯಗಲದ ಊರು, ಎಲ್ಲವೂ ನಡಿಗೆಯಲ್ಲೇ. ಉಫಿತ್ಸಿಗೆ ಒಂದು ಬೆಳಗು, ಮೈಕೆಲೇಂಜೆಲೊನ ಡೇವಿಡ್ ಇರುವ ಅಕಾದೆಮಿಯಾಕ್ಕೆ ಇನ್ನೊಂದು. 1501ರಿಂದ 1504ರವರೆಗೆ ಕಡೆದ, ಐದು ಮೀಟರ್ ಮೀರಿದ ಆ ಶಿಲ್ಪದ ಬಲಗೈಯನ್ನು ಗಮನಿಸಿ. ಕೈಯ ಹಿಂಭಾಗದ ನರಗಳು ಅಮೃತಶಿಲೆಯಲ್ಲಿ ಉಬ್ಬಿ ನಿಂತಿವೆ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಿಂದ 1436ರ ನಡುವೆ ಕಟ್ಟಿಸಿದ, ಊರಿನ ಪ್ರಧಾನ ಚರ್ಚಿನ ಗುಮ್ಮಟವನ್ನು ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಮೊಣಕಾಲು ನೋವಿರುವವರು ಸಂಜೆ ಬಸ್ಸಿನಲ್ಲಿ ಮೈಕೆಲೇಂಜೆಲೊ ಚೌಕಕ್ಕೆ ಹೋಗಿ ಕೂತರೆ ಇಡೀ ಊರು, ಆ ಗುಮ್ಮಟದ ಸಮೇತ, ಕೆಳಗೆ ಹರಡಿರುತ್ತದೆ.

ರೋಮ್‌ಗೆ ಹೋಗುವ ಕನ್ನಡಿಗ ಒಂದು ವಿಷಯ ನೆನಪಿಡಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಮ್ಮ ನೆಲಕ್ಕೂ ಆ ಊರಿಗೂ ಎರಡು ಸಾವಿರ ವರ್ಷದ ಹಿಂದೆ ಕೊಡುಕೊಳೆ ಇತ್ತು. ಕೊಲೊಸಿಯಮ್ಮಿನ ಟಿಕೆಟ್‌ನಲ್ಲೇ ಪಕ್ಕದ ಫೋರಮ್ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿವೆ. ಅಗಸ್ಟಸ್ ವಾಸವಿದ್ದದ್ದು ಆ ಗುಡ್ಡದ ಮೇಲೆ. ಟಿಕೆಟ್‌ನಲ್ಲಿ ನಿಮ್ಮ ಹೆಸರಿರುತ್ತದೆ, ಗುರುತುಪತ್ರ ಕೇಳುತ್ತಾರೆ.

ರೋಮ್‌ನಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದೆ ಎಂದರೆ ನಾನು ಪ್ಯಾಂಥಿಯನ್ ಎನ್ನುತ್ತೇನೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 125ರಲ್ಲಿ ಮುಗಿದದ್ದು. ಗುಮ್ಮಟದ ಒಳವ್ಯಾಸ 43 ಮೀಟರಿಗೂ ಸ್ವಲ್ಪ ಹೆಚ್ಚು. ವಿಜಯಪುರದ ಗೋಲಗುಮ್ಮಟದ ಕೆಳಗೆ ನಿಂತವರಿಗೆ ಈ ಅಳತೆ ಮೈಯಲ್ಲೇ ಅರಿವಾಗುತ್ತದೆ. ಅದರ ಒಳವ್ಯಾಸ ಸುಮಾರು 38 ಮೀಟರ್. ಪ್ಯಾಂಥಿಯನ್ನಿನ ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ಬಯಲು ಕಿಂಡಿಯಿದೆ, ಗಾಜಿಲ್ಲ. ಬಿಸಿಲು ಆ ಕಿಂಡಿಯಿಂದ ದುಂಡಗೆ ಒಳಬಿದ್ದು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತದೆ. ಅರ್ಧ ಗಂಟೆ ಒಂದೇ ಕಡೆ ಕೂತರೆ ಬೆಳಕು ಒಂದು ಗೂಡಿನಿಂದ ಇನ್ನೊಂದರ ಕಡೆಗೆ ಹೋದದ್ದು ಕಣ್ಣಿಗೇ ತಿಳಿಯುತ್ತದೆ. ಮಳೆ ಬಂದರೆ ಒಳಗೇ ಬೀಳುತ್ತದೆ. ನೆಲ ನಡುವಿನಲ್ಲಿ ಕೊಂಚ ಉಬ್ಬಿದ್ದು, ನೀರು ಸಣ್ಣ ತೂತುಗಳಲ್ಲಿ ಇಳಿದು ಹೋಗುತ್ತದೆ. ಗುಂಪಿನ ಜೊತೆ ಹೋದವರಿಗೆ ಇಲ್ಲಿ ಹತ್ತು ನಿಮಿಷ ಸಿಗುವುದೂ ಕಷ್ಟ.

ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ. ಬೀದಿಗಳಲ್ಲಿ ‘ನಸೋನಿ’ ಎಂಬ ಕಬ್ಬಿಣದ ನಲ್ಲಿಕಂಬಗಳು ಸುಮಾರು 2,500 ಇವೆ, ಹಗಲಿರುಳು ಒಳ್ಳೆಯ ಕುಡಿಯುವ ನೀರು. ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ನಿಂತೇ ಕುಡಿಯಬಹುದು. ವ್ಯಾಟಿಕನ್ನಿನ ಸಂತ ಪೀಟರನ ಚರ್ಚಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಸೀರೆ, ಚೂಡಿದಾರಕ್ಕೆ ಯಾವ ಅಡ್ಡಿಯೂ ಇಲ್ಲ.

ಊಟದ ವಿಷಯ ನಮ್ಮವರಿಗೆ ದೊಡ್ಡ ಚಿಂತೆ. ಸಸ್ಯಾಹಾರಿಗಳಿಗೆ ಇಟಲಿ ಎಲ್ಲಕ್ಕಿಂತ ಸುಲಭ. ಆದರೆ ಕಟ್ಟುನಿಟ್ಟಿನವರು ತಿಳಿದಿರಬೇಕು: ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ತರಕಾರಿ ಸೂಪಿನಲ್ಲೂ ಮಾಂಸದ ರಸ ಇರಬಹುದು. ಕೇಳಿಯೇ ತಿನ್ನಿ. ಪ್ಯಾರಿಸ್‌ನಲ್ಲಿ ಗಾರ್ ದ್ಯು ನೋರ್ ನಿಲ್ದಾಣದ ಹತ್ತಿರ ಲಾ ಶಾಪೆಲ್ ಎಂಬಲ್ಲಿ ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳ ಸಾಲಿದೆ. ದೋಸೆ, ಇಡ್ಲಿ ಸಿಗುತ್ತದೆ. ಲುಸರ್ನ್‌ನಿಂದ ಒಂದು ಗಂಟೆಯೊಳಗೆ ಮುಟ್ಟುವ ಜ್ಯೂರಿಕ್‌ನಲ್ಲಿ 1898ರಿಂದ ನಡೆಯುತ್ತಿರುವ ಹಿಲ್ಟ್ಲ್ ಎಂಬ ಸಸ್ಯಾಹಾರಿ ಹೋಟೆಲಿದೆ. ಸ್ವಿಟ್ಜರ್ಲೆಂಡಿನಲ್ಲಿ ಹೊರಗಿನ ಊಟ ಬಹಳ ದುಬಾರಿ. ಅಲ್ಲಿ ಮಾತ್ರ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ಭಾನುವಾರ ಅಂಗಡಿಗಳು ಮುಚ್ಚುತ್ತವೆ, ಶನಿವಾರವೇ ಸಾಮಾನು ತನ್ನಿ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಜೊತೆಗಿರಲಿ. ಆದರೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಮ್ಮ ದೇಶದಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆ ಮನೆಯಲ್ಲೇ ಇರಲಿ. ಇಟಲಿಯಲ್ಲಿ ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಹೆಚ್ಚು. ಊಟದ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದರೆ ಅದು ಅಲ್ಲಿನ ರೂಢಿ.

ಹಣ: ಫ್ರಾನ್ಸ್, ಇಟಲಿಯಲ್ಲಿ ಯೂರೋ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ಕಾರ್ಡು ಬಹುತೇಕ ಎಲ್ಲೆಡೆ ನಡೆಯುತ್ತದೆ. ಯಂತ್ರ ನಿಮ್ಮನ್ನು ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಯಾವಾಗಲೂ ಆ ಊರಿನ ಹಣವನ್ನೇ ಆರಿಸಿ. ರೂಪಾಯಿ ಎಂದರೆ ಅವರು ಹೇಳಿದ ದರ ತೆರಬೇಕಾಗುತ್ತದೆ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಫ್ರಾನ್ಸ್‌ನಲ್ಲಿ ಕೊಂಡ ಫೋನಿನ ಸಿಮ್ ಇಟಲಿಯಲ್ಲೂ ನಡೆಯುತ್ತದೆ, ಆದರೆ ಸ್ವಿಟ್ಜರ್ಲೆಂಡ್ ಯುರೋಪಿನ ಒಕ್ಕೂಟದಲ್ಲಿಲ್ಲ. ಅಲ್ಲಿಯೂ ನಡೆಯುವ ಸಿಮ್ಮೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು.

ರೈಲಿನ ಬಗ್ಗೆ ಕೆಲವು ಮಾತು. ವೇಗದ ರೈಲಿನ ಟಿಕೆಟ್ ಬೇಗ ಕೊಂಡಷ್ಟೂ ಅಗ್ಗ. ಈ ದಾರಿಗೆ ಯೂರೇಲ್ ಪಾಸ್ ಕೊಳ್ಳುವ ಮುನ್ನ ಬಿಡಿ ಟಿಕೆಟ್ಟುಗಳ ಮೊತ್ತವನ್ನೂ ಕೂಡಿ ನೋಡಿ, ಯಾಕೆಂದರೆ ಪಾಸ್ ಇದ್ದರೂ ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ಹಣ ಕೊಡಬೇಕು. ಪ್ಯಾರಿಸ್‌ನಲ್ಲಿ ಪ್ಲಾಟ್‌ಫಾರಂ ಸಂಖ್ಯೆ ರೈಲು ಹೊರಡುವ ಇಪ್ಪತ್ತು ನಿಮಿಷ ಮೊದಲಷ್ಟೇ ತೋರಿಸುತ್ತಾರೆ, ಗಾಬರಿ ಬೇಡ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ನಿಲ್ದಾಣಗಳಲ್ಲಿ ಕೂಲಿಗಳಿಲ್ಲ, ಹಳೆಯ ಹೋಟೆಲುಗಳಲ್ಲಿ ಲಿಫ್ಟ್ ಇರದಿರಬಹುದು. ಆದ್ದರಿಂದ ಎರಡು ಮಹಡಿ ನೀವೇ ಹೊತ್ತು ಹತ್ತುವಷ್ಟೇ ಭಾರದ ಒಂದೊಂದು ಪೆಟ್ಟಿಗೆ ಇರಲಿ. ಕಲ್ಲು ಹಾಸಿದ ಬೀದಿಗಳಿಗೆ ಪಳಗಿದ ಬೂಟು ಬೇಕು. ಹೊಸದನ್ನು ತಿಂಗಳು ಮೊದಲೇ ಹಾಕಿ ಅಭ್ಯಾಸ ಮಾಡಿ.

ಕಿಸೆಗಳ್ಳರ ಕಾಟ ಪ್ಯಾರಿಸ್ ಮತ್ತು ರೋಮ್‌ನ ಮೆಟ್ರೋಗಳಲ್ಲಿ ಇದೆ. ಮಣಿಕಟ್ಟಿಗೆ ದಾರ ಕಟ್ಟಲು ಬರುವವರು, ಸಹಿ ಹಾಕಿ ಎಂದು ಕಾಗದ ಚಾಚುವವರು ಎದುರಾದರೆ ನಿಲ್ಲದೆ ಮುಂದೆ ನಡೆಯಿರಿ. ಪಾಸ್‌ಪೋರ್ಟು ಒಳಕಿಸೆಯಲ್ಲಿರಲಿ, ಅದರ ಪ್ರತಿ ಬೇರೆ ಚೀಲದಲ್ಲಿ. ಕಳೆದರೆ ಮೊದಲು ಪೊಲೀಸರಿಗೆ ದೂರು, ಆಮೇಲೆ ನಮ್ಮ ರಾಯಭಾರ ಕಚೇರಿ. ಪ್ಯಾರಿಸ್, ಬರ್ನ್, ರೋಮ್ ಮೂರೂ ಕಡೆ ಅದು ಇದೆ. ಯಾವ ತುರ್ತಿಗೂ 112 ಸಂಖ್ಯೆ, ಮೂರೂ ದೇಶಗಳಲ್ಲಿ.

ಲಂಡನ್ ಬಿಟ್ಟುಹೋಯಿತಲ್ಲ ಎಂದು ಕೆಲವರು ಕೇಳಬಹುದು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ, ಕನ್ನಡಿಗರು ನೋಡಲೇಬೇಕು. ಆದರೆ ಬ್ರಿಟನ್ನಿಗೆ ವೀಸಾ ಬೇರೆ, ಖರ್ಚು ಬೇರೆ. ಅದಕ್ಕೊಂದು ಪ್ರತ್ಯೇಕ ಪ್ರಯಾಣವೇ ಇರಲಿ. ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದ ಜರ್ಮನಿಯ ಟ್ಯೂಬಿಂಗೆನ್, ವಿಯೆನ್ನಾ, ಪ್ರಾಗ್, ಬಾರ್ಸಿಲೋನಾ, ಇವೂ ಇನ್ನೊಂದು ಸಲಕ್ಕೆ. ನೋಡದೆ ಉಳಿದ ಊರುಗಳ ಪಟ್ಟಿ ಉದ್ದವಿದ್ದರೆ ನಷ್ಟವೇನಿಲ್ಲ. ಅವಸರದಲ್ಲಿ ನೋಡಿದ ಊರು ಮಾತ್ರ ನೋಡಿಯೂ ಕಳೆದುಹೋದ ಹಾಗೆ. ಅಲ್ಲಿಗೆ ಮತ್ತೆ ಹೋಗಲು ಮನಸ್ಸೂ ಏಳುವುದಿಲ್ಲ.

ಹೋಗುವ ಆಸೆ ಇರುವವರು ಇವತ್ತು ರಾತ್ರಿಯೇ ಎರಡು ಕೆಲಸ ಮಾಡಿ. ಪಾಸ್‌ಪೋರ್ಟು ತೆಗೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಮನೆಯವರೆಲ್ಲ ಕೂತು, ಯಾವ ಊರುಗಳನ್ನು ಈ ಸಲ ಬಿಡಬೇಕು ಎಂದು ಮೊದಲು ತೀರ್ಮಾನಿಸಿ. ಬಿಡುವುದು ಗೊತ್ತಾದರೆ ದಾರಿ ತಾನಾಗಿ ಸ್ಪಷ್ಟವಾಗುತ್ತದೆ, ಖರ್ಚಿನ ಲೆಕ್ಕವೂ ಸಿಗುತ್ತದೆ. ಉಳಿದದ್ದು ಟಿಕೆಟ್ ಕೊಳ್ಳುವ ಕೆಲಸ ಮಾತ್ರ.